ನೂರ ಎಂಬತ್ತು ಚದರಡಿಯ ಕೋಣೆ

ಮಾಲೀಕರಿಂದ ನಮ್ಮ ಆಫೀಸಿಗೆ ಬಂದದ್ದು ಒಂದು ಹಳೆಯ ಪತ್ರದ ಫೋಟೊ. ಹಿಂದೆ ಯಾವಾಗಲೋ ಅಣ್ಣತಮ್ಮಂದಿರು ಕಟ್ಟಡವನ್ನು ಪಾಲು ಮಾಡಿಕೊಂಡಾಗ ಬರೆಸಿದ್ದ ಪತ್ರ ಅದು. ಕೊನೆಯ ಪುಟದಲ್ಲಿ ನೆಲಮಹಡಿಯ ಮೂರು ಕೋಣೆಗಳ ವಿಸ್ತೀರ್ಣ ಇತ್ತು. ಎಡಗಡೆಯದು ಇನ್ನೂರ ಮೂವತ್ತನಾಲ್ಕು ಚದರಡಿ, ನಡುವಿನದು ನೂರ ಎಂಬತ್ತು, ಬಲಗಡೆಯದು ಇನ್ನೂರ ಹದಿನಾರು. ಯಾವ ಕೋಣೆ ಎಷ್ಟು ಉದ್ದ, ಎಷ್ಟು ಅಗಲ ಎಂದು ಎಲ್ಲೂ ಬರೆದಿರಲಿಲ್ಲ.

ಕಟ್ಟಡ ಇದ್ದದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ಗಲ್ಲಿಯಲ್ಲಿ. ಗಾರೆಯಿಂದ ಕಟ್ಟಿದ ಹಳೆಯ ಗೋಡೆಗಳು, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಮಾಡಿದ ತಾರಸಿ, ಅದರ ಮೇಲೆ ಇನ್ನೊಂದು ಮಹಡಿ. ಕೆಳಗಿನ ನಡುವಿನ ಕೋಣೆಯನ್ನೂ ಬಲಗಡೆಯ ಕೋಣೆಯನ್ನೂ ಒಂದು ಮಾಡಿ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಾಡಿಗೆಗೆ ಕೊಡಬೇಕು ಎಂಬುದು ಮಾಲೀಕರ ಯೋಚನೆ. ಮೇಲಿನ ಮಹಡಿಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ತರಗತಿ ನಡೆಯುತ್ತಿತ್ತು. ನಾನು ಮೊದಲ ಸಲ ಹೋದ ದಿನ ಬುರ್ಖಾ ತೊಟ್ಟವರು, ಸೀರೆಯುಟ್ಟವರು, ಕಾಲೇಜು ಬಿಟ್ಟ ಹುಡುಗಿಯರು ಬಟ್ಟೆಯ ಚೀಲ ಹಿಡಿದು ಪಕ್ಕದ ಮೆಟ್ಟಿಲು ಹತ್ತಿ ಹೋಗುತ್ತಿದ್ದರು.

ನಾನು ಹಲಸೂರಿನ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬಿಡಿಸುವವಳು. ಆವತ್ತು ಎಡಗಡೆಯ ಕೋಣೆಯೊಂದನ್ನು ಮಾತ್ರ ತೆರೆದು ತೋರಿಸಿದರು. ಉಳಿದೆರಡಕ್ಕೆ ಬೀಗ ಬಿದ್ದಿತ್ತು. ಕೀಲಿಕೈ ಮಾಲೀಕರ ಅಣ್ಣನ ಹತ್ತಿರ, ಅವರು ಚಿಕಿತ್ಸೆಗೆಂದು ವೆಲ್ಲೂರಿಗೆ ಹೋಗಿದ್ದರು. ಹಿಂಬದಿಯಿಂದ ನೋಡೋಣ ಎಂದರೆ ಅಲ್ಲಿ ಇನ್ನೊಂದು ಕಟ್ಟಡ ಅಡ್ಡ ನಿಂತಿತ್ತು, ನಡುವಿನ ಸಂದಿಗೆ ಹೋಗಲು ದಾರಿಯಿರಲಿಲ್ಲ. ಸಿಕ್ಕಷ್ಟನ್ನು ಅಳೆದುಕೊಂಡು ಬಂದೆ. ಮುಂಭಾಗದ ಒಟ್ಟು ಉದ್ದ ಮೂವತ್ತೊಂಬತ್ತು ಅಡಿ. ಹೊರಗೋಡೆಯ ದಪ್ಪ ಒಂದೂವರೆ ಅಡಿ, ಅದು ಕಿಟಕಿಯ ಹತ್ತಿರ ಕಾಣುತ್ತಿತ್ತು. ತೆರೆದ ಕೋಣೆ ಹದಿಮೂರು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಗುಣಿಸಿದರೆ ಇನ್ನೂರ ಮೂವತ್ತನಾಲ್ಕು. ಪತ್ರದಲ್ಲಿದ್ದ ಸಂಖ್ಯೆಯೇ ಬಂದದ್ದರಿಂದ ಪತ್ರವನ್ನು ನಂಬಿದೆ.

ಕೀಲಿಕೈ ಬಂದ ಮೇಲೆ ಸರಿಯಾಗಿ ಅಳೆಯೋಣ, ಅಲ್ಲಿಯವರೆಗೆ ವಿಸ್ತೀರ್ಣದಿಂದಲೇ ಅಳತೆ ತೆಗೆದು ಒಂದು ನಕ್ಷೆ ಮಾಡು, ಮಾಲೀಕರಿಗೆ ತೋರಿಸಲು ಸಾಕು ಎಂದು ನಮ್ಮ ಆರ್ಕಿಟೆಕ್ಟ್ ಸರ್ ಹೇಳಿದರು. ಇಂಥ ಕೆಲಸವನ್ನು ನಾನು ಎಷ್ಟೋ ಸಲ ಮಾಡಿದ್ದೆ. ಒಂದು ಬದಿ ಗೊತ್ತಿದ್ದರೆ ವಿಸ್ತೀರ್ಣವನ್ನು ಅದರಿಂದ ಭಾಗಿಸಿದರೆ ಇನ್ನೊಂದು ಬದಿ ಸಿಗುತ್ತದೆ. ಮೂರು ಕೋಣೆಗಳೂ ಸಾಲಾಗಿ ಇರುವುದರಿಂದ ಮೂರರ ಉದ್ದವೂ ಹದಿನೆಂಟು ಅಡಿಯೇ ಎಂದುಕೊಂಡೆ. ನಡುವಿನ ಕೋಣೆಯ ಅಗಲ ಹತ್ತು ಅಡಿ ಬಂತು, ಬಲಗಡೆಯದು ಹನ್ನೆರಡು. ಕಂಪ್ಯೂಟರಿನಲ್ಲಿ ಮೂವತ್ತೊಂಬತ್ತು ಅಡಿಯ ಹೊರಗೆರೆ ಎಳೆದೆ, ಒಂದೂವರೆ ಅಡಿ ಒಳಗೆ ಇನ್ನೊಂದು ಗೆರೆ, ಆಮೇಲೆ ಒಂದೊಂದೇ ಕೋಣೆ ಕೂರಿಸಿದೆ. ಕೊನೆಗೆ ಒಳಗಿನ ಎರಡು ಗೋಡೆಗಳಿಗೆಂದು ಒಟ್ಟು ಒಂದು ಅಡಿ ಉಳಿಯಿತು. ಅಂದರೆ ಗೋಡೆಯೊಂದಕ್ಕೆ ಆರು ಅಂಗುಲ. ನಾಲ್ಕೂವರೆ ಅಂಗುಲದ ಇಟ್ಟಿಗೆ, ಎರಡೂ ಕಡೆ ಮುಕ್ಕಾಲು ಮುಕ್ಕಾಲು ಅಂಗುಲ ಪ್ಲಾಸ್ಟರ್. ಲೆಕ್ಕ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

ಆರು ಅಂಗುಲದ ಗೋಡೆ ಎಂದರೆ ಬರೀ ಮರೆಗೋಡೆ. ಮೇಲಿನ ಭಾರವನ್ನು ಹೊರುವುದಲ್ಲ, ತೆಗೆದರೂ ನಡೆಯುತ್ತದೆ. ಒಂದೂವರೆ ಅಡಿ ಹೊರಗೋಡೆ ಕಟ್ಟಿದವರು ಒಳಗೆ ಇಷ್ಟು ತೆಳ್ಳಗೆ ಯಾಕೆ ಕಟ್ಟಿದರು ಎಂದು ಒಂದು ಕ್ಷಣ ಅನ್ನಿಸಿತ್ತು. ಆಮೇಲೆ ಯಾರೋ ಕೋಣೆ ಪಾಲು ಮಾಡಲು ಎಬ್ಬಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಪ್ರತಿ ಕೋಣೆಯೊಳಗೂ ಕ್ಲಿಕ್ ಮಾಡಿ ವಿಸ್ತೀರ್ಣ ಕೇಳಿದೆ. 234, 180, 216 ಎಂದು ಪರದೆಯ ಮೇಲೆ ಬಂತು. ಪತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ ಮೂರು ಟಿಕ್ ಹಾಕಿದೆ. ನಡುವಿನ ಮತ್ತು ಬಲಗಡೆಯ ಕೋಣೆಗಳ ನಡುವಿನ ಗೋಡೆಯನ್ನು ಚುಕ್ಕಿಗೆರೆಯಲ್ಲಿ ತೋರಿಸಿ, ಒಡೆಯತಕ್ಕದ್ದು ಎಂದು ಬರೆದೆ.

ಅಳತೆಗಳು ಅಂದಾಜಿನವು, ಕೋಣೆ ತೆರೆದ ಮೇಲೆ ಅಳೆದು ಖಚಿತ ಮಾಡಿಕೊಳ್ಳಬೇಕು ಎಂಬ ಟಿಪ್ಪಣಿಯನ್ನೂ ಹಾಕಿದ್ದೆ. ಅದು ಕ್ಲಿನಿಕ್ಕಿನ ಮಂಚಗಳ ಚಿತ್ರದ ಮೇಲೆ ಬಿದ್ದು ಕಲಸುಮೇಲೋಗರವಾಗಿ ಕಾಣುತ್ತಿತ್ತು. ಮಾಲೀಕರಿಗೆ ತೋರಿಸಲು ಒಂದು ನೀಟಾದ ಪ್ರತಿ ಬೇಕು ಎಂದು ಸರ್ ಕೇಳಿದಾಗ ಟಿಪ್ಪಣಿಗಳಷ್ಟೇ ಇರುವ ಪದರವನ್ನು, ಅಂದರೆ ಲೇಯರನ್ನು, ಆಫ್ ಮಾಡಿ ಪಿಡಿಎಫ್ ತೆಗೆದುಕೊಟ್ಟೆ. ಮತ್ತೆ ಆನ್ ಮಾಡಲಿಲ್ಲ. ನನಗೆ ನೆನಪೇ ಆಗಲಿಲ್ಲ.

ಹತ್ತು ಹನ್ನೆರಡು ದಿನ ಕಳೆಯಿತು. ಒಂದು ಬೆಳಿಗ್ಗೆ ಕೆ.ಆರ್. ಪುರದಿಂದ ಮೆಟ್ರೊದಲ್ಲಿ ಬಂದು, ಹಲಸೂರು ಸ್ಟೇಷನ್ನಿನಲ್ಲಿ ಇಳಿದು, ಆಫೀಸಿನಲ್ಲಿ ಕೂತು ಕಂಪ್ಯೂಟರ್ ಹಾಕುವಷ್ಟರಲ್ಲಿ ಆ ಕಟ್ಟಡದ ಕೆಲಸ ವಹಿಸಿಕೊಂಡಿದ್ದ ಮೇಸ್ತ್ರಿಯಿಂದ ವಾಟ್ಸ್ಆ್ಯಪ್ ಬಂತು. ನಡುವಿನ ಕೋಣೆಗೆ ಟೈಲ್ಸ್ ಎಷ್ಟು ಬೇಕೆಂದು ಅವರು ಅಳೆದು ನೋಡಿದ್ದರು. ಸೆಂಟರ್ ರೂಮು ಇಪ್ಪತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ, 180 ಕರೆಕ್ಟಾಗಿ ಬರ್ತಿದೆ ಮೇಡಂ, ಗೋಡೆ ಒಡೆಯೋ ಕೆಲಸ ಇವತ್ತು ಬೆಳಿಗ್ಗೆಯಿಂದ ಶುರುವಾಗಿದೆ ಎಂದು ಬರೆದಿದ್ದರು.

ಕೀಲಿಕೈ ಬಂದದ್ದಾಗಲಿ, ಮಾಲೀಕರು ಆ ಪಿಡಿಎಫನ್ನೇ ಮೇಸ್ತ್ರಿಗೆ ಕೊಟ್ಟು ಕೆಲಸ ಶುರುಮಾಡಿಸಿದ್ದಾಗಲಿ ನನಗೆ ಗೊತ್ತಿರಲಿಲ್ಲ. ಆದರೂ ನೂರ ಎಂಬತ್ತು ಎಂಬುದನ್ನು ನೋಡಿ ಮೊದಲು ಸಮಾಧಾನವೇ ಆಯಿತು. ಫೋನನ್ನು ಕೆಳಗಿಟ್ಟು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದೆ. ಮುಚ್ಚಳ ತಿರುಗಿಸುತ್ತಿದ್ದಾಗ ಇಪ್ಪತ್ತು ಎಂಬ ಸಂಖ್ಯೆ ತಲೆಗೆ ಹೋಯಿತು. ಹದಿನೆಂಟು ಇರಬೇಕಿತ್ತಲ್ಲ.

ಫೈಲ್ ತೆರೆದು ನಡುವಿನ ಕೋಣೆಯನ್ನು ಅಳಿಸಿ, ಇಪ್ಪತ್ತಕ್ಕೆ ಒಂಬತ್ತು ಎಂದು ಹೊಸದಾಗಿ ಹಾಕಿದೆ. ಕ್ಲಿಕ್ ಮಾಡಿದರೆ ಮತ್ತೆ 180.00 ಬಂತು. ಹತ್ತು ಗುಣಿಸು ಹದಿನೆಂಟೂ ನೂರ ಎಂಬತ್ತೇ, ಒಂಬತ್ತು ಗುಣಿಸು ಇಪ್ಪತ್ತೂ ನೂರ ಎಂಬತ್ತೇ. ನಾನು ಕೊಟ್ಟದ್ದನ್ನೇ ಕಂಪ್ಯೂಟರ್ ನನಗೆ ವಾಪಸ್ಸು ಕೊಟ್ಟಿತ್ತು, ನಾನು ಅದನ್ನು ಪರೀಕ್ಷೆ ಎಂದುಕೊಂಡು ಟಿಕ್ ಹಾಕಿದ್ದೆ. ಕೋಣೆ ಒಂದಡಿ ಕಿರಿದಾದರೆ ಆ ಒಂದಡಿ ಎಲ್ಲಿ ಹೋಯಿತು? ಹೊರಗಿನ ಮೂವತ್ತೊಂಬತ್ತು ಅಡಿ ಬದಲಾಗುವುದಿಲ್ಲ. ಹೋಗಲು ಇದ್ದದ್ದು ಗೋಡೆಗಳಿಗೆ ಮಾತ್ರ. ಎರಡು ಗೋಡೆಗಳಿಗೆ ಹನ್ನೆರಡು ಅಂಗುಲ ಅಲ್ಲ, ಇಪ್ಪತ್ತನಾಲ್ಕು. ಸಮನಾಗಿ ಹಂಚಿದರೆ ಒಂದೊಂದೂ ಒಂದಡಿ ದಪ್ಪ, ಅವು ಮರೆಗೋಡೆಗಳಲ್ಲ. ಮೇಲಿನ ಮಹಡಿಯ ತೊಲೆಗಳು ಅವುಗಳ ಮೇಲೆಯೇ ಕೂತಿವೆ, ಅದರಲ್ಲಿ ಒಂದನ್ನು ಈಗ ಒಡೆಯುತ್ತಿದ್ದಾರೆ.

ಮೇಸ್ತ್ರಿಗೆ ಫೋನ್ ಮಾಡಿದೆ. ರಿಂಗ್ ಆಗಿ ನಿಂತಿತು. ಮತ್ತೆ ಮಾಡಿದೆ. ಒಡೆಯುವ ಸದ್ದಿನಲ್ಲಿ ಕೇಳಿಸುತ್ತಿಲ್ಲ ಎಂದು ಗೊತ್ತಾಯಿತು. ಸರ್ ಆವತ್ತು ಬೆಳಿಗ್ಗೆ ಹುಬ್ಬಳ್ಳಿಗೆ ವಿಮಾನ ಹತ್ತಿದ್ದರು, ಅವರ ಫೋನ್ ಸ್ವಿಚ್ ಆಫ್. ಮಾಲೀಕರ ನಂಬರ್ ನನ್ನ ಹತ್ತಿರ ಇರಲಿಲ್ಲ.

ಒಂದು ನಿಮಿಷ ಸುಮ್ಮನೆ ಕೂತಿದ್ದೆ. ಆ ನಿಮಿಷದ ಬಗ್ಗೆ ನನಗೆ ಈಗಲೂ ನಾಚಿಕೆ. ಸರ್ ವಿಮಾನದಿಂದ ಇಳಿಯುವವರೆಗೆ ಕಾಯೋಣ, ಅವರೇ ಹೇಳಲಿ ಎಂದು ಮನಸ್ಸು ಹೇಳುತ್ತಿತ್ತು. ನನ್ನ ಲೆಕ್ಕವೇ ತಪ್ಪಿರಬಹುದು, ಮೇಸ್ತ್ರಿ ಟೇಪನ್ನು ತಪ್ಪಾಗಿ ಓದಿರಬಹುದು ಎಂದೂ ಹೇಳುತ್ತಿತ್ತು. ಮೆಟ್ಟಿಲು ಹತ್ತುತ್ತಿದ್ದ ಹೆಂಗಸರು ಕಣ್ಣ ಮುಂದೆ ಬಂದರು. ಗೋಡೆಯ ಗಡಿಯಾರ ನೋಡಿದೆ. ಹತ್ತೂವರೆ. ತರಗತಿ ನಡೆಯುತ್ತಿರುವ ಹೊತ್ತು.

ನಮ್ಮ ಕಟ್ಟಡಗಳ ಭಾರ, ಬಲ ಎಲ್ಲ ನೋಡಿಕೊಳ್ಳುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿದ್ದಾರೆ. ಧಾರವಾಡದ ಕಡೆಯವರು, ಅರವತ್ತು ದಾಟಿದವರು, ಬೈಯಪ್ಪನಹಳ್ಳಿಯಲ್ಲಿ ಮನೆ. ಈ ಕಟ್ಟಡವನ್ನು ಅವರಿನ್ನೂ ನೋಡಿರಲಿಲ್ಲ, ಮುಂದಿನ ವಾರ ಬರುವುದೆಂದಾಗಿತ್ತು. ಸರ್ ಅವರನ್ನು ಕೇಳದೆ ನಾನು ಅವರಿಗೆ ಯಾವತ್ತೂ ಫೋನ್ ಮಾಡಿದವಳಲ್ಲ. ಈಗ ಮಾಡಿದೆ. ನಕ್ಷೆಯಲ್ಲಿ ಗೋಡೆಯನ್ನು ಆರು ಅಂಗುಲ ಎಂದು ನಾನೇ ತೋರಿಸಿದ್ದೆ, ಅದು ತಪ್ಪು, ಒಡೆಯುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಬೈಯಲಿಲ್ಲ. "ಮ್ಯಾಲೆ ಮಂದಿ ಅದಾರೇನು?" ಎಂದು ಕೇಳಿದರು.

ಹೊಲಿಗೆ ತರಗತಿ ಇದೆ, ಹದಿನೈದು ಇಪ್ಪತ್ತು ಜನ ಇರಬಹುದು ಎಂದೆ.

"ಹಂಗಾರ ನೀವು ಈಗ ಅಲ್ಲಿಗೆ ಹೋಗ್ರಿ. ಮದ್ಲ ಬಡಿಯೋದು ನಿಲ್ಲಸ್ರಿ. ಒಡದದ್ದನ್ನ ಯಾರೂ ಮುಟ್ಟಬಾರದು, ಇಟ್ಟಂಗಿನೂ ತೆಗೀಬಾರದು. ಆಮ್ಯಾಲೆ ಮ್ಯಾಲಿನವರನ್ನ ಕೆಳಗ ಇಳಸ್ರಿ, ಆದ್ರ ಓಡಸಬ್ಯಾಡ್ರಿ. ನಾ ಹೊಂಟೆ."

ಲೇಸರ್ ಅಳತೆಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಕೆಳಗಿಳಿದೆ. ಆಟೊ ಸಿಕ್ಕಿತು. ಹಲಸೂರು ಕೆರೆ ದಾಟುವವರೆಗೆ ಚೆನ್ನಾಗಿಯೇ ಹೋಯಿತು, ಆಮೇಲೆ ಸಿಗ್ನಲ್ಲುಗಳಲ್ಲಿ ನಿಂತಿತು. ದಾರಿಯುದ್ದಕ್ಕೂ ಮೇಸ್ತ್ರಿಗೆ ಫೋನ್ ಮಾಡುತ್ತಲೇ ಇದ್ದೆ. ಪ್ರತಿ ಸಲ ರಿಂಗ್ ಕೊನೆಯವರೆಗೂ ಹೋಗಿ ನಿಂತಾಗ, ಎತ್ತಲು ಅಲ್ಲಿ ಯಾರೂ ಉಳಿದಿಲ್ಲವೇನೋ ಎಂದು ಅನ್ನಿಸುತ್ತಿತ್ತು. ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ ಆಟೊ ಪೂರ್ತಿ ನಿಂತುಬಿಟ್ಟಿತು. ಇಳಿದು ಓಡಿದೆ. ಹೂವಿನವರ, ಹಣ್ಣಿನ ಗಾಡಿಗಳ ನಡುವೆ ನುಗ್ಗಿ ಹೋಗುವಾಗ ಒಬ್ಬರ ಮೂಸಂಬಿ ಬುಟ್ಟಿ ಕಾಲಿಗೆ ತಾಗಿ ಉರುಳಿತು, ಬೈಗುಳ ಹಿಂದಿನಿಂದ ಬಂತು, ನಿಲ್ಲಲಿಲ್ಲ. ಗಲ್ಲಿಯ ತಿರುವಿನಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಕಟ್ಟಡ ನಿಂತಿದೆ ಎಂಬುದಕ್ಕೆ ಆ ಸದ್ದೇ ಸಾಕ್ಷಿ. ಆ ಸದ್ದಿನಿಂದ ಅಷ್ಟು ಹೆದರಿಕೆಯೂ ಅಷ್ಟು ನೆಮ್ಮದಿಯೂ ಒಟ್ಟಿಗೆ ಆದದ್ದು ಜೀವನದಲ್ಲಿ ಅದೊಂದೇ ಸಲ.

ನಡುವಿನ ಕೋಣೆಯ ತುಂಬ ಕೆಂಪು ದೂಳು. ಇಬ್ಬರು ಕೆಲಸಗಾರರು ಸ್ಟೂಲಿನ ಮೇಲೆ ನಿಂತು ಗೋಡೆಗೆ ಉಳಿ ಇಟ್ಟು ಹೊಡೆಯುತ್ತಿದ್ದರು. ಗೋಡೆಯ ನಡುವೆ ನೆಲದಿಂದ ಏಳಡಿ ಎತ್ತರಕ್ಕೆ, ಸುಮಾರು ಐದಡಿ ಅಗಲಕ್ಕೆ ತೂತು ಬಿದ್ದಿತ್ತು. ಒಡೆದ ಅಂಚಿನಲ್ಲಿ ಗೋಡೆಯ ದಪ್ಪ ಸರಿಯಾಗಿ ಕಾಣುತ್ತಿತ್ತು. ಒಂದಡಿಗಿಂತ ಹೆಚ್ಚು, ಸಾಲುಸಾಲು ಇಟ್ಟಿಗೆ, ನಡುವೆ ಬಿಳಿ ಗಾರೆ. ತೂತಿನ ಮೇಲ್ಮೂಲೆಯಿಂದ ತಾರಸಿಯ ಕಡೆಗೆ ಮೆಟ್ಟಿಲುಮೆಟ್ಟಿಲಾಗಿ ಒಂದು ಬಿರುಕು ಹತ್ತಿಕೊಂಡು ಹೋಗಿತ್ತು.

ನಿಲ್ಲಿಸಿ ಎಂದು ಕೂಗಿದೆ. ಅವರು ನಿಲ್ಲಿಸಿ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಹಲಸೂರಿನ ಹಳೆಯ ಕೆಲಸಗಾರರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ತಮಿಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಮಾತಾಡುವವರು. ಗೋಡೆ ದಪ್ಪ ಇರುವುದು ತಮಗೂ ಗೊತ್ತಾಯಿತು, ಆದರೆ ನಕ್ಷೆಯಲ್ಲಿ ಒಡೆಯಬೇಕು ಎಂದು ಇದೆ, ವಿಸ್ತೀರ್ಣವೂ ತಾಳೆಯಾಯಿತು, ಸಂಜೆಯೊಳಗೆ ಮುಗಿಸಿ ಎಂದು ಮಾಲೀಕರು ಹೇಳಿದ್ದಾರೆ ಎಂದರು. ನನ್ನ ಮಾತಿಗೆ ಕೆಲಸ ನಿಲ್ಲಿಸಿದರೆ ಮಾಲೀಕರಿಗೆ ಏನು ಹೇಳಲಿ ಎಂದು ಕೇಳಿ ತಾವೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

ಮಾಲೀಕರಿಗೆ ಸಿಟ್ಟು ಬಂತು. ನಕ್ಷೆ ಕೊಟ್ಟವರೇ ನೀವು, ಈಗ ಬಂದು ನಿಲ್ಲಿಸಿ ಅನ್ನುವವರೂ ನೀವು, ನಿಮ್ಮ ಸರ್ ಹತ್ತಿರ ಮಾತಾಡಿಸಿ ಎಂದರು. ಸರ್ ಸಿಗುತ್ತಿಲ್ಲ ಎಂದೆ. ಹಾಗಾದರೆ ಅವರು ಸಿಗುವವರೆಗೆ ಕೆಲಸ ನಡೆಯಲಿ ಎಂದರು. ನನ್ನ ಸುತ್ತ ಮೇಸ್ತ್ರಿ, ಇಬ್ಬರು ಕೆಲಸಗಾರರು ನಿಂತಿದ್ದರು. ಅಳತೆ ತಪ್ಪಾಗಿದೆ, ಏನೋ ಗೊಂದಲವಾಗಿದೆ ಎಂದು ಹಾರಿಸಿ ಮಾತಾಡಬಹುದಿತ್ತು. ಅದರಿಂದ ಸುತ್ತಿಗೆ ನಿಲ್ಲುವುದಿಲ್ಲ ಎಂದು ಗೊತ್ತಿತ್ತು.

"ನಾನು ಒಳಗೆ ಅಳೀಲೇ ಇಲ್ಲ ಸಾರ್. ಏರಿಯಾ ನೋಡ್ಕೊಂಡು ಗೋಡೆ ಹಾಕ್ದೆ. ಆ ಡ್ರಾಯಿಂಗ್ ತಪ್ಪು, ತಪ್ಪು ನಂದೇ. ಈ ಗೋಡೆ ಮೇಲೇನೇ ಮಹಡಿ ನಿಂತಿದೆ. ಮೇಲೆ ಜನ ಇದಾರೆ."

ಮೇಸ್ತ್ರಿಗೆ ಕೊಡಿ ಎಂದು ಮಾಲೀಕರು ಹೇಳಿದರು. ಮೇಸ್ತ್ರಿ ಕೇಳಿಸಿಕೊಂಡು, ಸರಿ ಎಂದು ಫೋನ್ ಇಟ್ಟು, ಸ್ಟೂಲಿನ ಮೇಲಿದ್ದವರಿಗೆ ಇಳಿಯಲು ಸನ್ನೆ ಮಾಡಿದರು.

ಮೆಟ್ಟಿಲು ಕಟ್ಟಡದ ಎಡಗಡೆಯಲ್ಲಿ, ಹೊರಗಿನಿಂದ. ಮೇಲೆ ಉದ್ದನೆಯ ಒಂದೇ ಹಾಲ್. ಹೊಲಿಗೆಯಂತ್ರಗಳನ್ನು ಎರಡು ಸಾಲಾಗಿ ಇಟ್ಟಿದ್ದರು, ಅದರಲ್ಲಿ ಒಂದು ಸಾಲು ಸರಿಯಾಗಿ ಆ ಗೋಡೆಯ ನೆತ್ತಿಯ ಮೇಲೆ. ಹದಿನೆಂಟು ಹೆಂಗಸರಿದ್ದರು. ಎಲ್ಲ ಯಂತ್ರಗಳೂ ಓಡುತ್ತಿದ್ದವು. ಅಷ್ಟು ಹೊತ್ತಿನಿಂದ ಕೆಳಗೆ ಬಡಿಯುತ್ತಿದ್ದರೂ ಅವರು ತಲೆ ಎತ್ತದೆ ಬ್ಲೌಸಿನ ತೋಳು ಕೂರಿಸುತ್ತಿದ್ದರು.

ಹೊಲಿಗೆ ಟೀಚರ್ ಐವತ್ತರ ಹೆಂಗಸು, ಕೊರಳಿಗೆ ಟೇಪ್ ಹಾಕಿಕೊಂಡಿದ್ದರು. ಅವರನ್ನು ಬಾಗಿಲ ಹತ್ತಿರ ಕರೆದು ಕೆಳಗಿನ ಗೋಡೆಯ ವಿಷಯ ಮೆಲ್ಲಗೆ ಹೇಳಿದೆ. ಎಲ್ಲರೂ ಇಳಿಯಬೇಕು, ಓಡಬಾರದು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬೆಳಿಗ್ಗೆಯಿಂದ ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿದೆ, ಮಳೆಗೆ ಮರ ಉಬ್ಬಿರಬೇಕು ಎಂದುಕೊಂಡಿದ್ದೆ ಎಂದರು. ಆಮೇಲೆ ತಿರುಗಿ, ಅಡುಗೆಮನೆಯಿಂದ ಕರೆಯುವಷ್ಟೇ ದನಿಯಲ್ಲಿ ಹೇಳಿದರು.

"ಚಲೋ, ಸಬ್ ಉಠೋ. ಸಾಮಾನ್ ನಕ್ಕೋ. ಇಬ್ಬಿಬ್ರು ಇಳೀರಿ."

ಎಲ್ಲರೂ ಸಾಮಾನು ಅಲ್ಲೇ ಬಿಟ್ಟು ಎದ್ದರು, ಯಂತ್ರಗಳು ಒಂದೊಂದಾಗಿ ನಿಂತವು. ಆ ಮೌನದಲ್ಲಿ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದಲ್ಲ, ಒಣಗಿದ ಕಟ್ಟಿಗೆ ಮುರಿದ ಹಾಗೆ ಒಂದು ಸಲ. ಎಲ್ಲರೂ ಕೇಳಿಸಿಕೊಂಡರು. ಸಾಲಿನಲ್ಲಿದ್ದ ಒಬ್ಬ ಹುಡುಗಿ ಬಾಗಿಲ ಕಡೆ ನುಗ್ಗಲು ಹೊರಟಳು. ಟೀಚರ್ ಅವಳ ತೋಳು ಹಿಡಿದು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಇಬ್ಬಿಬ್ಬರಾಗಿಯೇ ಇಳಿದರು. ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಹದಿನಾಲ್ಕು, ಹದಿನಾರು, ಹದಿನೇಳು. ಹದಿನೆಂಟನೆಯವರು ತುಂಬು ಬಸುರಿ. ದೂರದ ಮೂಲೆಯಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಅವರ ಹತ್ತಿರ ಹೋಗಬೇಕಾದರೆ ಆ ಗೋಡೆಯ ಮೇಲಿನ ನೆಲ ದಾಟಬೇಕು. ನನ್ನಿಂದಾಗಲಿಲ್ಲ. ಕಾಲು ಎತ್ತಲು ನೋಡಿದೆ, ಬರಲಿಲ್ಲ. ಟೀಚರ್ ಹೋಗಿ ಅವರ ಕೈ ಹಿಡಿದು ಕರೆದುಕೊಂಡು ಬಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

ಗಲ್ಲಿಯಲ್ಲಿ ಜನ ಸೇರಿತ್ತು. ಎಂಜಿನಿಯರ್ ಸ್ಕೂಟರಿನಲ್ಲಿ ಬಂದು ಇಳಿದರು. ಹೆಲ್ಮೆಟ್ಟು ತೆಗೆಯದೆ ಒಳಗೆ ಹೋಗಿ, ಬಿರುಕಿಗೆ ಟಾರ್ಚ್ ಹಿಡಿದು ನೋಡಿ ಹೊರಗೆ ಬಂದರು. ತೂತಿನ ಮೇಲಿರುವ ಇಟ್ಟಿಗೆಗಳು ಕಮಾನಿನ ಹಾಗೆ ಒಂದಕ್ಕೊಂದು ಆನಿಕೊಂಡು ನಿಂತಿವೆ, ಇನ್ನೆರಡು ಸಾಲು ಬಿಚ್ಚಿದ್ದರೆ ನಿಲ್ಲುತ್ತಿರಲಿಲ್ಲ ಎಂದರು. ಈಗಲೂ ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಹೇಳಲಾಗುವುದಿಲ್ಲ ಎಂದೂ ಹೇಳಿದರು. ತಾರಸಿ ಹಾಕುವಾಗ ಕೆಳಗಿನಿಂದ ಆಧಾರ ಕೊಡುವ ಕಬ್ಬಿಣದ ಜಾಕಿಗಳು ಹತ್ತು ಬೇಕು, ಹಲಗೆಗಳು ಬೇಕು. ಗೋಡೆಯಿಂದ ಎರಡಡಿ ಆಚೆ, ಎರಡೂ ಬದಿಗೆ ಐದೈದು ಜಾಕಿ ನಿಲ್ಲಿಸಿ ತೊಲೆಗಳನ್ನು ಹಿಡಿಯಬೇಕು. ಮೇಸ್ತ್ರಿ ಹೊರಟು, ಹತ್ತಿರದಲ್ಲೇ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವರಿಂದ ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು ಬಂದರು.

ಜಾಕಿಯ ಎತ್ತರವನ್ನು ಹೊರಗೇ ಹೊಂದಿಸಿಕೊಂಡು ಒಳಗೆ ಒಯ್ದರೆ ಒಳಗಿರುವ ಹೊತ್ತು ಕಡಿಮೆಯಾಗುತ್ತದೆ. ಅದಕ್ಕೆ ಹತ್ತು ಜಾಗಗಳಲ್ಲೂ ನೆಲದಿಂದ ತೊಲೆಯವರೆಗಿನ ಎತ್ತರ ಗೊತ್ತಿರಬೇಕು. ನೆಲ ಹಳೆಯದು, ಎಲ್ಲ ಕಡೆ ಒಂದೇ ಸಮ ಇಲ್ಲ.

"ಅಳತಿ ಯಾರು ತಗೋತಾರ?" ಎಂದು ಎಂಜಿನಿಯರ್ ಕೇಳಿದರು. ನನ್ನನ್ನು ನೋಡಿ ಕೇಳಲಿಲ್ಲ. ಕೇಳಿ, ತಾವೇ ಅಳತೆಯಂತ್ರಕ್ಕೆ ಕೈ ಚಾಚಿದರು.

ನಾನು ತಗೋತೀನಿ ಸರ್ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಮೇಲೆ ಆ ಬಸುರಿ ಹೆಂಗಸಿನ ಹತ್ತಿರ ಹೋಗಲಾಗದೆ ನಿಂತದ್ದು ಇನ್ನೂ ಮೈಯಲ್ಲೇ ಇತ್ತು. ಈಗಲೂ ಹೊರಗೆ ನಿಂತರೆ ಮುಂದೆ ಯಾವ ನಕ್ಷೆಯ ಮುಂದೆಯೂ ಕೂರಲಾರೆ ಅನ್ನಿಸಿತು. ಅವರು ಚಾಚಿದ ಕೈ ಹಿಂದಕ್ಕೆ ತೆಗೆದು, "ನಾ ಬಿರುಕು ನೋಡಕೋತ ನಿಂದರತೀನಿ. 'ಬಾ' ಅಂದ್ರ ಏನೂ ನೋಡದ ಹೊರಗ ಬರಬೇಕು, ತಂಗಿ" ಎಂದರು.

ಮೊದಲು ನಡುವಿನ ಕೋಣೆ. ಯಂತ್ರವನ್ನು ನೆಲದ ಮೇಲಿಟ್ಟು ಗುಂಡಿ ಒತ್ತಿದರೆ ತೊಲೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ, ಅಳತೆ ಬರುತ್ತದೆ. ಒಂದು ಅಳತೆಗೆ ಐದು ಸೆಕೆಂಡೂ ಬೇಡ. ಆದರೆ ನೆಲದ ಏರುತಗ್ಗಿಗೆ ಯಂತ್ರ ವಾಲಿ ಚುಕ್ಕೆ ತೊಲೆಯಿಂದ ಜಾರಿ ಪಕ್ಕದ ಇಟ್ಟಿಗೆಗೆ ಹೋಗುತ್ತಿತ್ತು. ಹತ್ತು ಅಡಿ ಏಳು ಅಂಗುಲ ಎಂದು ಕೂಗಿದೆ. ಹೊರಗಿನಿಂದ ಮೇಸ್ತ್ರಿ ಅದನ್ನೇ ಮರಳಿ ಕೂಗಿ ಜಾಕಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಎರಡನೆಯದು ಹತ್ತು ಅಡಿ ಏಳು. ಮೂರನೆಯದು ತೂತಿನ ಎದುರಿಗೆ. ಹತ್ತು ಅಡಿ ಆರೂಕಾಲು ಬಂತು. ತಪ್ಪಿರಬೇಕೆಂದು ಮತ್ತೆ ಒತ್ತಿದೆ. ಅದೇ ಬಂತು. ಅಲ್ಲಿ ನೆಲ ಉಬ್ಬಿರಲಿಲ್ಲ, ತೊಲೆಯೇ ಮುಕ್ಕಾಲು ಅಂಗುಲ ಇಳಿದಿತ್ತು. ತಲೆಯ ಮೇಲೆ ಏನಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿರಲಿಲ್ಲ, ಆ ಸಂಖ್ಯೆ ಹೇಳಿತು. ಕುತ್ತಿಗೆಯ ಮೇಲೆ ಮರಳಿನಷ್ಟು ಸಣ್ಣ ಗಾರೆ ಉದುರಿತು. ಎಂಜಿನಿಯರ್ ಟಾರ್ಚನ್ನು ಅಲುಗಿಸದೆ ನಿಂತಿದ್ದರು. ಅವರು ಕರೆಯಲಿಲ್ಲ, ನಾನು ನಾಲ್ಕನೆಯದಕ್ಕೆ ಹೋದೆ.

ಎರಡು ಕೋಣೆಗಳ ಹತ್ತು ಅಳತೆ ಮುಗಿಯುವಷ್ಟರಲ್ಲಿ ನನ್ನ ಕುರ್ತಾ ಬೆನ್ನಿಗೆ ಅಂಟಿಹೋಗಿತ್ತು. ಆಮೇಲೆ ಮೇಸ್ತ್ರಿ, ಇಬ್ಬರು ಕೆಲಸಗಾರರು ಜಾಕಿಗಳನ್ನು ಒಂದೊಂದಾಗಿ ಒಳಗೆ ಒಯ್ದರು. ಕೆಳಗೊಂದು ಹಲಗೆ, ಮೇಲೊಂದು ಹಲಗೆ, ನಡುವೆ ಜಾಕಿ. ಹಿಡಿಯನ್ನು ಕೈಯಿಂದಲೇ ತಿರುಗಿಸಬೇಕು, ಸುತ್ತಿಗೆ ಮುಟ್ಟಬಾರದು ಎಂದು ಎಂಜಿನಿಯರ್ ಹೇಳಿದ್ದರು. ಮೂರನೆಯ ಜಾಕಿಯನ್ನು ಬಿಗಿಮಾಡಿದಾಗ ತೊಲೆ ಒಂದು ಸಲ ನರಳಿತು. ಮೇಸ್ತ್ರಿ ಕೈ ತೆಗೆಯದೆ ಹಾಗೇ ನಿಂತರು. ಮತ್ತೆ ಸದ್ದಾಗಲಿಲ್ಲ. ಹತ್ತನೆಯ ಜಾಕಿ ಕೂತಾಗ ಮಧ್ಯಾಹ್ನ ಎರಡು ಗಂಟೆ. ಎಂಜಿನಿಯರ್ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಹೆಲ್ಮೆಟ್ಟು ತೆಗೆದರು. ಇನ್ನು ಬೀಳುವುದಿಲ್ಲ ಎಂದರು. ನಾನು ಗಲ್ಲಿಯ ಮೋರಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ.

ಸರ್ ಸಂಜೆಯ ವಿಮಾನದಲ್ಲೇ ವಾಪಸ್ಸು ಬಂದು ನೇರ ಆಫೀಸಿಗೆ ಬಂದರು. ಫೈಲ್ ತೆರೆಸಿದರು. ಲೇಯರುಗಳ ಪಟ್ಟಿಯಲ್ಲಿ ಟಿಪ್ಪಣಿಗಳದ್ದು ಆಫ್ ಆಗಿರುವುದನ್ನು ನಾನೇ ತೋರಿಸಿದೆ. ಕೆಲಸ ಹೋಯಿತು ಎಂದೇ ಕೂತಿದ್ದೆ. ನೀಟಾದ ಪ್ರತಿ ಕೇಳಿದ್ದು ತಾವು, ಎಂಜಿನಿಯರ್ ನೋಡುವ ಮೊದಲೇ ಮಾಲೀಕರಿಗೆ ಕಳಿಸಿದ್ದೂ ತಾವು ಎಂದು ಸರ್ ಹೇಳಿದರು. ಮರುದಿನ ಇಬ್ಬರೂ ಹೋಗಿ ಮಾಲೀಕರ ಮುಂದೆ ಅದನ್ನೇ ಹೇಳಿ ಬರವಣಿಗೆಯಲ್ಲೂ ಕೊಟ್ಟೆವು. ಅವರು ಕ್ಷಮಿಸಿದರು ಎಂದು ಹೇಳಲಾರೆ. ಎರಡು ಕೋಣೆಗಳನ್ನು ಒಂದು ಮಾಡುವ ಯೋಚನೆ ಬಿಟ್ಟರು. ಒಡೆದ ಜಾಗವನ್ನು ಮತ್ತೆ ಕಟ್ಟಿ, ನಡುವೆ ಒಂದು ಬಾಗಿಲಷ್ಟೇ ಬಿಟ್ಟು, ಅದರ ಮೇಲೆ ಕಾಂಕ್ರೀಟಿನ ಅಡ್ಡತೊಲೆ ಕೂರಿಸುವುದೆಂದು ಎಂಜಿನಿಯರ್ ತೀರ್ಮಾನಿಸಿದರು. ನಾನು ಎಲ್ಲ ಕೋಣೆಗಳನ್ನೂ ಗೋಡೆಯಿಂದ ಗೋಡೆಗೆ, ಮೂಲೆಯಿಂದ ಮೂಲೆಗೆ ಅಳೆದು ನಕ್ಷೆಯನ್ನು ಹೊಸದಾಗಿ ಮಾಡಿದೆ. ಎಂದೋ ಯಾರೋ ಹಿಂದಿನ ಎರಡಡಿ ಸಂದನ್ನು ಒಳಗೆ ಸೇರಿಸಿಕೊಂಡು ನಡುವಿನ ಕೋಣೆಯೊಂದನ್ನು ಮಾತ್ರ ಉದ್ದ ಮಾಡಿದ್ದರು. ಒಳಗೋಡೆಗಳಲ್ಲಿ ಒಂದು ಹತ್ತು ಅಂಗುಲ, ಒಡೆಯಲು ಹೊರಟದ್ದು ಹದಿನಾಲ್ಕು ಅಂಗುಲ.

ಗೋಡೆ ಒಣಗಲು ಬಿಟ್ಟು, ಆಮೇಲೆ ಜಾಕಿಗಳನ್ನು ದಿನಕ್ಕಿಷ್ಟು ಸುತ್ತು ಎಂದು ಸಡಿಲಿಸಿ ತೆಗೆಯುವ ಹೊತ್ತಿಗೆ ತಿಂಗಳಾಯಿತು. ಅಷ್ಟು ದಿನ ಹೊಲಿಗೆ ತರಗತಿ ಹತ್ತಿರದ ಯಾರದೋ ಮನೆಯ ವರಾಂಡದಲ್ಲಿ ನಡೆಯಿತು. ಎಂಜಿನಿಯರ್ ಮಹಡಿಯನ್ನು ಬಳಸಬಹುದು ಎಂದು ಬರೆದುಕೊಟ್ಟ ಮೇಲೆ ಟೀಚರ್ ನನಗೆ ಫೋನ್ ಮಾಡಿದರು.

"ಕಾಗದ ಕೊಟ್ಟಿದಾರೆ. ನಂಗೆ ಕಾಗದ ಸಾಕಾಗಲ್ಲ. ನಮ್ ಹುಡುಗೀರು ಬರೋಕೆ ಮುಂಚೆ ನೀವು ಬಂದು ಅಲ್ಲಿ ಕೂತ್ಕೋಬೇಕು. ಆಮೇಲೆ ಅವ್ರನ್ನ ಕರೀತೀನಿ."

ಬರುತ್ತೇನೆ ಎಂದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಟೀಚರ್ ಒಬ್ಬರೇ ಇದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರು ಒಂದು ಸ್ಟೂಲನ್ನು ತಂದು ಗೋಡೆಯ ನೆತ್ತಿಯ ಮೇಲಿನ ಸಾಲಿನಲ್ಲಿ ಇಟ್ಟರು. ಕೂತೆ. ತೊಲೆಗಳ ಅಳತೆ, ಹೊಸ ಗೋಡೆಯ ದಪ್ಪ, ಅಡ್ಡತೊಲೆಯೊಳಗಿನ ಕಬ್ಬಿಣ, ಎಲ್ಲ ನನಗೆ ಬಾಯಿಪಾಠವಾಗಿತ್ತು. ಎಂಜಿನಿಯರ್ ಮೂರು ಸಲ ನೋಡಿದ್ದರು. ಆದರೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಟೀಚರ್ ನನ್ನ ಪಕ್ಕದ ಯಂತ್ರದ ಮುಂದೆ ಕೂತು ಒಂದು ಬಟ್ಟೆ ಇಟ್ಟು ತುಳಿಯಲು ಶುರುಮಾಡಿದರು. ನೆಲದ ಅದುರು ಅಂಗಾಲಿಗೆ ಬಂತು. ಎದ್ದು ಓಡಬೇಕು ಅನ್ನಿಸಿತು. ಅವರು ನನ್ನ ಕಡೆ ನೋಡಲಿಲ್ಲ. ಒಂದು ಹೊಲಿಗೆ ಮುಗಿಸಿ ದಾರ ಕತ್ತರಿಸಿ ಇನ್ನೊಂದು ಶುರುಮಾಡುತ್ತಿದ್ದರು. ಹಾಗೆ ಒಂದು ಗಂಟೆ ಕೂತಿದ್ದೆವು.

ಹತ್ತಕ್ಕೆ ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಬಾಗಿಲಾಚೆಯೇ ಗುಂಪಾಗಿ ನಿಂತು ಒಳಗೆ ನೋಡಿದರು. ನಾನು ಅಲ್ಲಿ ಕೂತಿರುವುದನ್ನು ನೋಡುತ್ತ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ಒಳಗೆ ಕಾಲಿಟ್ಟರು.